ಕೇಳಿದ ಕಥೆ

ನನಗೊಂದು ಕೆಟ್ಟ ಅಭ್ಯಾಸವುಂಟು. ಅಮ್ಮ ಹಳೆಯ ಕಥೆಯೊಂದನ್ನು ತೆಗೆದರೆ ಸಾಕು, 'ಇದನ್ನು ಆಗಲೇ ಹೇಳಿದ್ದೀಯಲ್ಲಮ್ಮ' ಎಂದುಬಿಡುತ್ತೇನೆ. ಕಥೆಯೆಂದರೆ ರೈಲುಗಾಡಿಯಂತೆ ಒಂದು ಊರಿನಿಂದ ಹೊರಟು ಇನ್ನೊಂದು ಊರನ್ನು ಸೇರಬೇಕು. ಹೊರಟ ನಿಲ್ದಾಣಕ್ಕೇ ಮರಳುವ ಗಾಡಿಗೆ ಟಿಕೆಟ್ಟು ಕೊಳ್ಳುವವರುಂಟೆ? ಇದು ನನ್ನ ವಾದ.

ಈ ವಾದವನ್ನು ಅಲುಗಾಡಿಸಿದವರು ಅಮೆರಿಕದ ಇಬ್ಬರು ಮೂಲನಿವಾಸಿ ಲೇಖಕರು. ಕಯೋವಾ ಜನಾಂಗದ ಎನ್. ಸ್ಕಾಟ್ ಮೊಮಡೇ 1968ರಲ್ಲಿ ಪ್ರಕಟಿಸಿದ 'ಹೌಸ್ ಮೇಡ್ ಆಫ್ ಡಾನ್' ಕಾದಂಬರಿ ನ್ಯೂ ಮೆಕ್ಸಿಕೋದ ಹೇಮೆಸ್ ಜನರ ಹಳ್ಳಿಯದು. ಆ ಜನ ಕಥೆ ತೊಡಗುವಾಗ ಆಡುವ ಮಾತಿನಿಂದ ಅದು ಆರಂಭವಾಗುತ್ತದೆ. ಕಥೆ ಮುಗಿಸುವಾಗ ಆಡುವ ಮಾತಿನಿಂದ ಮುಗಿಯುತ್ತದೆ. ಮೊದಲ ಪುಟದಲ್ಲಿ ಏಬೆಲ್ ಎಂಬವನು ನಸುಕಿನಲ್ಲಿ ಒಬ್ಬನೇ ಓಡುತ್ತಿದ್ದಾನೆ. ನಡುವೆ ಯುದ್ಧ, ಸೆರೆಮನೆ, ಲಾಸ್ ಏಂಜಲೀಸಿನ ದಿಕ್ಕುಗೆಟ್ಟ ಬದುಕು. ಕೊನೆಯ ಪುಟದಲ್ಲಿಯೂ ಅದೇ ಓಟ. ಆದರೆ ಮೊದಲು ಕಂಡವನು ಯಾರೋ ಒಬ್ಬ. ಈಗ ಕಾಣುವವನು, ಅಜ್ಜ ತೀರಿಕೊಂಡ ಬೆಳಗ್ಗೆ, ಅಜ್ಜನೂ ಹಿಂದೊಮ್ಮೆ ಓಡಿದ್ದ ಓಟವನ್ನು ಓಡುತ್ತಿರುವ ಮೊಮ್ಮಗ. ಮರಳಿದ್ದು ಅದೇ ಜಾಗಕ್ಕೆ, ಬದಲಾದವನು ಓದುಗ.

ಅದೇ ಸೀಮೆಯ ಲಗೂನಾ ಜನರಲ್ಲಿ ಬೆಳೆದ ಲೆಸ್ಲಿ ಮಾರ್ಮನ್ ಸಿಲ್ಕೊ ಅವರ 'ಸೆರೆಮನಿ' (1977) ಸೂರ್ಯೋದಯದಿಂದ ಹೊರಟು ಸೂರ್ಯೋದಯಕ್ಕೇ ಬರುತ್ತದೆ. ಲಗೂನಾದವರ ನಂಬಿಕೆಯಲ್ಲಿ ಲೋಕವನ್ನು ಯೋಚಿಸಿಯೇ ಹುಟ್ಟಿಸಿದವಳು ಜೇಡರೂಪದ ತಾಯಿ. ತಮ್ಮವರ ಕಥನವೂ ಜೇಡರ ಬಲೆಯಂಥದೇ ಎಂದು ಸಿಲ್ಕೊ 1979ರ ಭಾಷಣವೊಂದರಲ್ಲಿ ವಿವರಿಸಿದರು. ಎಳೆಗಳು ನಡುವಿನಿಂದ ಹರಡಿ ಒಂದನ್ನೊಂದು ಹಾಯುತ್ತವೆ. ಇನ್ನೂ ದೊಡ್ಡ ಮಾತೆಂದರೆ, ಕಥೆಯ ಬಹುಪಾಲು ಕೇಳುವವನ ಒಳಗೇ ಇರುತ್ತದೆ. ಹೇಳುವವರ ಕೆಲಸ ಅದನ್ನು ಹೊರಗೆ ಸೆಳೆಯುವುದು.

ಹಾಗಿದ್ದರೆ ಇಷ್ಟು ವರ್ಷ ನಾನು ಬಾಯಿ ಮುಚ್ಚಿಸಿದ್ದು ಅಮ್ಮನೊಬ್ಬಳದನ್ನೇ ಅಲ್ಲ.

ಮೊನ್ನೆ ಸಂಜೆ ನಾನಾಗಿಯೇ ಕೇಳಿದೆ: 'ಬಾವಿ ಬತ್ತಿದ ವರ್ಷದ ಕಥೆ ಹೇಳಮ್ಮ.'

ಅಮ್ಮ ಅವರೆಕಾಯಿ ಸುಲಿಯುತ್ತ ತಲೆಯೆತ್ತದೆ, 'ಆಗಲೇ ಹೇಳಿದ್ದೀನಲ್ಲೋ' ಎಂದಳು.

'ಇರಲಿ, ಇನ್ನೊಂದು ಸಲ.'

ಹೇಳಿದಳು. ಅದೇ ಬಾವಿ, ಅದೇ ಬರ, ಅಜ್ಜ ಸಂತೆಗೆ ಹೊಡೆದುಕೊಂಡು ಹೋದ ಅದೇ ಜೋಡಿ ಎತ್ತು. ಅವುಗಳ ಹಿಂದೆ ಊರ ಗಡಿಯವರೆಗೂ ಅಳುತ್ತ ಓಡಿದ ಹುಡುಗಿಯೊಬ್ಬಳು ಕಥೆಯಲ್ಲಿ ಯಾವಾಗಲೂ ಇದ್ದಳು. ಅವಳು ಯಾರೆಂದು ನಾನು ಇದುವರೆಗೆ ಕೇಳಿಯೇ ಇರಲಿಲ್ಲ.