ಎರಡನೆಯ ನಾಣ್ಯ

ನಮ್ಮ ಮನೆಯ ಬೀರುವಿನ ಕೆಳಗಣ ಖಾನೆಯಲ್ಲಿ, ಮಡದಿಯ ಮದುವೆಯ ಸೀರೆಗಳ ಹಿಂದೆ, ತಗಡಿನ ಪೆಟ್ಟಿಗೆಯೊಂದಿದೆ. ಅದರಲ್ಲೇನಿದೆಯೆಂದು ಬಂದ ನೆಂಟರು ಯಾರಾದರೂ ಕೇಳಿದರೆ ನನ್ನಾಕೆ, "ಅದು ಇವರ ಎರಡನೆಯ ಸಂಸಾರ" ಎಂದು ಹೇಳಿ, ಕಾಫಿ ತರುವ ನೆವದಿಂದ ಒಳಕ್ಕೆ ಹೋಗಿಬಿಡುತ್ತಾಳೆ. ನೆಂಟರು ನನ್ನ ಮುಖ ನೋಡುತ್ತಾರೆ. ಪೆಟ್ಟಿಗೆಯನ್ನು ತೆರೆದು ತೋರಿಸಿ ನನ್ನ ಶೀಲವನ್ನು ಸಮರ್ಥಿಸಿಕೊಳ್ಳಬೇಕಾದ ಭಾರ ನನ್ನ ಮೇಲೆ ಬೀಳುತ್ತದೆ.

ಒಳಗಿರುವುದು ಬೆಳ್ಳಿಯ ನಾಣ್ಯಗಳು. ನಾನು ಅವನ್ನು ಕೂಡಿಡುವವನು. ಕೂಡಿಡುವುದಷ್ಟೇ ಅಲ್ಲ, ಮಾರುವವನೂ ಹೌದು. ಮೊದಲನೆಯ ಮಾತನ್ನು ಕೇಳಿದಾಗ ನನ್ನ ಸಹೋದ್ಯೋಗಿಗಳ ಮುಖದಲ್ಲಿ ಮೂಡುವ ಗೌರವವು ಎರಡನೆಯ ಮಾತಿಗೆ ಇಳಿದುಹೋಗುವುದನ್ನು ಅನೇಕ ಸಲ ಕಂಡಿದ್ದೇನೆ. ಕೊಂಡವನು ರಸಿಕ, ಮಾರಿದವನು ವ್ಯಾಪಾರಿ ಎಂಬುದು ಲೋಕದ ನ್ಯಾಯ. ಆದರೆ ಅಧ್ಯಾಪಕನ ಸಂಬಳದಲ್ಲಿ ರಸಿಕತೆಯನ್ನು ಸಾಕಬೇಕಾದರೆ ತುಸು ವ್ಯಾಪಾರ ಕಲಿಯದೆ ವಿಧಿಯಿಲ್ಲ.

ಕನ್ನಡದ ಅಧ್ಯಾಪಕನಿಗೆ ಈ ಹುಚ್ಚು ಹಿಡಿದದ್ದಾದರೂ ಹೇಗೆ ಎಂದು ಓದುಗರು ಕೇಳಬಹುದು. ಹಿಡಿದದ್ದು ಶಬ್ದದ ಮೂಲಕವೇ. ಎಂ.ಎ. ತರಗತಿಯಲ್ಲಿ ಶಾಸನಗಳನ್ನು ಓದುವಾಗ ಗದ್ಯಾಣ, ಪಣ ಎಂಬ ಮಾತುಗಳು ಮತ್ತೆ ಮತ್ತೆ ಎದುರಾಗುತ್ತಿದ್ದವು. ಇಂದು ನಾವು ದುಡ್ಡಿಗೆಲ್ಲ ಹೇಳುವ 'ಹಣ' ಎಂಬುದು ಒಂದು ಕಾಲಕ್ಕೆ ಪುಟ್ಟದೊಂದು ಚಿನ್ನದ ನಾಣ್ಯದ ಹೆಸರಾಗಿತ್ತೆಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮದು ಚಿನ್ನದ ನಾಣ್ಯಗಳ ನಾಡು. ವಿಜಯನಗರದ ವರಹವೂ ಚಿನ್ನದ್ದೇ. ಬೆಳ್ಳಿಯ ರೂಪಾಯಿ ಉತ್ತರದಿಂದ ಬಂದದ್ದು. ಹದಿನಾರನೆಯ ಶತಮಾನದಲ್ಲಿ ಶೇರ್ ಷಾ ಅದಕ್ಕೊಂದು ನೆಲೆ ಕೊಟ್ಟನು. ಅದರ ಹೆಸರಿನ ಹಿಂದೆ ಸಂಸ್ಕೃತದ 'ರೂಪ್ಯ'ವಿದೆ, ರೂಪ್ಯವೆಂದರೆ ಬೆಳ್ಳಿ. ಆಂಗ್ಲರ ಆಳಿಕೆಯ ರೂಪಾಯಿ ಸರಿಯಾಗಿ ಒಂದು ತೊಲ, ಎಂದರೆ 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಚಿನಿವಾರನ ತಕ್ಕಡಿಯಲ್ಲಿ ರೂಪಾಯಿಯೇ ತೂಕದ ಬಟ್ಟಾಗಿದ್ದ ಕಾಲವದು. ಎರಡನೆಯ ಮಹಾಯುದ್ಧದ ನಡುವೆ, 1940ರಲ್ಲಿ, ಬೆಳ್ಳಿಯನ್ನು ಅರ್ಧಕ್ಕಿಳಿಸಿದರು. 1947ರಲ್ಲಿ ಅದೂ ಹೋಗಿ ನಿಕ್ಕಲ್ಲಿನ ರೂಪಾಯಿ ಬಂದಿತು. ಹೆಸರಿನಲ್ಲಿ ಮಾತ್ರ ಬೆಳ್ಳಿ ಉಳಿಯಿತು.

ಸ್ವತಂತ್ರ ಭಾರತದಲ್ಲಿ ಬೆಳ್ಳಿ ನಾಣ್ಯಕ್ಕೆ ಮರಳಿದ್ದು ಗಾಂಧೀಜಿಯವರ ಶತಮಾನೋತ್ಸವದ ಹತ್ತು ರೂಪಾಯಿಯ ರೂಪದಲ್ಲಿ, 1969ರಲ್ಲಿ. ಅಲ್ಲಿಂದೀಚೆಗೆ ನಮ್ಮ ಟಂಕಸಾಲೆಗಳು ಮಹಾಪುರುಷರ, ಮಹಾಸಂಸ್ಥೆಗಳ ನೆನಪಿಗಾಗಿ ಬೆಳ್ಳಿಯ ನಾಣ್ಯಗಳನ್ನು ಅಚ್ಚುಮಾಡುತ್ತಲೇ ಬಂದಿವೆ. ಬಹುಕಾಲ ಅವುಗಳ ಪಾಕ ಒಂದೇ: 35 ಗ್ರಾಂ ತೂಕ, 44 ಮಿಲಿಮೀಟರ್ ಅಗಲ, ಅರ್ಧ ಬೆಳ್ಳಿ, ನೂರಕ್ಕೆ 40 ಭಾಗ ತಾಮ್ರ, ನಿಕ್ಕಲ್ ಮತ್ತು ಸತುವು ಐದೈದು ಭಾಗ. ಈಚೆಗೆ ಶುದ್ಧ ಬೆಳ್ಳಿಯವೂ ಬರತೊಡಗಿವೆ. ರಿಸರ್ವ್ ಬ್ಯಾಂಕಿಗೆ ತೊಂಬತ್ತು ತುಂಬಿದಾಗ, 2024ರಲ್ಲಿ, ಬಿಡುಗಡೆಯಾದ ತೊಂಬತ್ತು ರೂಪಾಯಿಯ ನಾಣ್ಯ 40 ಗ್ರಾಂ ಅಪ್ಪಟ ಬೆಳ್ಳಿಯದು. ಇವು ಸಂತೆಯಲ್ಲಿ ಓಡಾಡುವ ನಾಣ್ಯಗಳಲ್ಲ. ಟಂಕಸಾಲೆ ಪ್ರಕಟಿಸಿದ ಅವಧಿಯೊಳಗೆ ಹಣ ಕಟ್ಟಿ ಕಾಯ್ದಿರಿಸಿಕೊಳ್ಳಬೇಕು. ಆಮೇಲೆ ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾಯಬೇಕು. ಮುಖಬೆಲೆಗೂ ಕೊಳ್ಳುವ ಬೆಲೆಗೂ ಸಂಬಂಧವೇ ಇಲ್ಲ. 2023ರ ಮೇ 28ರಂದು ಹೊಸ ಸಂಸತ್ ಭವನದ ಎಪ್ಪತ್ತೈದು ರೂಪಾಯಿಯ ನಾಣ್ಯ ಬಿಡುಗಡೆಯಾದ ಸುದ್ದಿಯನ್ನೋದಿ ನಮ್ಮ ಗಣಿತದ ಅಧ್ಯಾಪಕರು ನನ್ನ ಕೈಯಲ್ಲಿ ನೂರೈವತ್ತು ರೂಪಾಯಿಗಳನ್ನಿಟ್ಟು, "ನನಗೂ ಎರಡು ತರಿಸಿಬಿಡಿ" ಎಂದರು. ಅವರಿಗೆ ಲೆಕ್ಕವನ್ನು ಬಿಡಿಸಿ ಹೇಳಬೇಕಾದ ಅಪರೂಪದ ಸಂದರ್ಭ ನನಗೆ ಒದಗಿತು.

ಹೊರದೇಶಗಳಲ್ಲಿ ಈ ಕಲೆ ಇನ್ನೂ ಬೆಳೆದಿದೆ. ಅಮೆರಿಕದವರು 1986ರಿಂದ ಹದ್ದಿನ ಚಿತ್ರದ, ಕೆನಡದವರು 1988ರಿಂದ ಮೇಪಲ್ ಎಲೆಯ ಬೆಳ್ಳಿ ನಾಣ್ಯಗಳನ್ನು ಹೊರಡಿಸುತ್ತಿದ್ದಾರೆ. ಆಸ್ಟ್ರೇಲಿಯದ ಪರ್ತ್ ನಗರದ ಟಂಕಸಾಲೆಯವರು 1990ರಿಂದ ಕೂಕಬರ್ರಾ ಎಂಬ ಹಕ್ಕಿಯನ್ನು ವರ್ಷಕ್ಕೊಂದು ಭಂಗಿಯಲ್ಲಿ ಕೂರಿಸಿ, ಇಷ್ಟೇ ಸಂಖ್ಯೆ ಎಂದು ಮಿತಿ ಹಾಕುತ್ತಾರೆ. ಹಕ್ಕಿ ಅದೇ, ಬೆಳ್ಳಿಯೂ ಅದೇ. ಆದರೂ ಹೋದ ವರ್ಷದ ಭಂಗಿ ತಮ್ಮಲ್ಲಿಲ್ಲವೆಂದು ಹಲುಬುವವರು ಭೂಮಂಡಲದಲ್ಲೆಲ್ಲ ಇದ್ದಾರೆ.

ಈ ಹಲುಬಿನ ಮೇಲೆಯೇ ನನ್ನ ವ್ಯಾಪಾರ ನಿಂತಿರುವುದು. ನಾಣ್ಯವೊಂದಕ್ಕೆ ಮೂರು ಬೆಲೆಗಳು: ಲೋಹದ ಬೆಲೆ, ಟಂಕಸಾಲೆಯ ಬೆಲೆ, ಹಂಬಲದ ಬೆಲೆ. ಬೆಳ್ಳಿ ಕಿಲೋಗ್ರಾಮಿಗೆ ಲಕ್ಷ ರೂಪಾಯಿಯ ಗೆರೆಯನ್ನು ದಾಟಿತು. ಲಕ್ಷದ ಲೆಕ್ಕದಲ್ಲಿ ನೋಡಿದರೂ ನಮ್ಮ ನೂರು ರೂಪಾಯಿಯ ನಾಣ್ಯದೊಳಗಿನ ಹದಿನೇಳೂವರೆ ಗ್ರಾಂ ಬೆಳ್ಳಿಗೆ 1,750 ರೂಪಾಯಿ ಮಾತ್ರ. ಅದರ ಮೇಲೆ ಕೊಡುವುದೆಲ್ಲ ಹಂಬಲಕ್ಕೆ ಕೊಟ್ಟದ್ದು. ನಾಣ್ಯ ಹೊಸದಾಗಿ ಬಂದಾಗ ಹಂಬಲ ಉಕ್ಕುತ್ತದೆ. ಎಲ್ಲರ ಕೈಗೂ ಸೇರಿದ ಮೇಲೆ ತಣ್ಣಗಾಗುತ್ತದೆ. ಮತ್ತೆ ವರ್ಷಗಳು ಕಳೆದು, ಸಿಗದಂತಾದ ಮೇಲೆ, ಮೆಲ್ಲಮೆಲ್ಲನೆ ಏರುತ್ತದೆ. ಆದುದರಿಂದ ನನ್ನದೊಂದು ನಿಯಮ: ಯಾವುದನ್ನು ಕೊಂಡರೂ ಎರಡು ಕೊಳ್ಳುವುದು, ಒಂದು ಇಟ್ಟುಕೊಳ್ಳುವುದಕ್ಕೆ, ಇನ್ನೊಂದು ಮಾರುವುದಕ್ಕೆ. ಎರಡನೆಯದು ಮೊದಲನೆಯದರ ಅನ್ನಕ್ಕೆ ದುಡಿಯುತ್ತದೆ.

ಈ ಪೆಟ್ಟಿಗೆಯ ಪಟ್ಟದ ದೇವರೆಂದರೆ 2006ರ ಬಸವೇಶ್ವರರ ನೂರು ರೂಪಾಯಿ. ಆ ನಾಣ್ಯ ಬಂದಾಗ ನಾನಿನ್ನೂ ವಿದ್ಯಾರ್ಥಿ. ಅದರ ಹೆಸರನ್ನೂ ಕೇಳಿರಲಿಲ್ಲ. ಮುಂದೆ ವೃದ್ಧ ಸಂಗ್ರಾಹಕರೊಬ್ಬರು ತಮ್ಮಲ್ಲಿದ್ದುದನ್ನೆಲ್ಲ ಬಿಟ್ಟುಕೊಡುವಾಗ, ಮೂರು ತಿಂಗಳ ಉಳಿತಾಯವನ್ನು ಸುರಿದು ನಿಯಮದಂತೆ ಎರಡನ್ನು ತಂದೆ. ಎರಡೂ ಪ್ರೂಫ್ ನಾಣ್ಯಗಳು. ಈ ಮಾತಿನ ಅರ್ಥವನ್ನು ಇಲ್ಲಿ ಹೇಳದಿದ್ದರೆ ಮುಂದಿನ ಕಥೆ ತಿಳಿಯದು. ಪ್ರೂಫ್ ನಾಣ್ಯಕ್ಕಾಗಿ ಅಚ್ಚನ್ನೂ ಬಿಲ್ಲೆಯನ್ನೂ ಕನ್ನಡಿಯಂತೆ ಉಜ್ಜಿ ಹೊಳಪು ಕೊಟ್ಟು, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಉಬ್ಬಿದ ಚಿತ್ರವು ಮಂಜು ಕವಿದಂತೆ ಬೆಳ್ಳಗೂ, ಸುತ್ತಣ ಬಯಲು ಕನ್ನಡಿಯಂತೆಯೂ ಇರುತ್ತದೆ. ಕನ್ನಡಿಗೆ ತನ್ನದೆಂಬ ಬಣ್ಣವಿಲ್ಲವಷ್ಟೆ; ಬೆಳಕು ಓರೆಯಾಗಿ ಬಿದ್ದರೆ ಆ ಬಯಲು ಕಾಡಿಗೆಯಂತೆ ಕಪ್ಪಗೆ ಕಾಣುತ್ತದೆ. ಅದನ್ನು ಬೆರಳಿಂದ ಮುಟ್ಟಬಾರದು, ಅಂಚನ್ನಷ್ಟೇ ಹಿಡಿಯಬೇಕು. ಮೆತ್ತನೆಯ ಬಟ್ಟೆಯಿಂದಲೂ ಒರಸಬಾರದು. ಕೂದಲೆಳೆಯಂಥ ಒಂದು ಗೀರು ಬಿದ್ದರೂ ಸಾಕು, ಹಂಬಲದ ಬೆಲೆ ಆವಿಯಾಗಿ ಲೋಹದ ಬೆಲೆ ಮಾತ್ರ ಉಳಿಯುತ್ತದೆ.

ಕಳೆದ ದೀಪಾವಳಿಗೆ ಮುಂಚೆ ನಮ್ಮ ತಾಯಿಯವರ ಕಣ್ಣಿನ ಪೊರೆ ಬಲಿತಿತ್ತು. ಅಕ್ಕಿಯಲ್ಲಿನ ಕಲ್ಲು ಕಾಣಿಸುತ್ತಿರಲಿಲ್ಲ. ಮೊಮ್ಮಗಳನ್ನು ಸೊಸೆಯೆಂದು ಕರೆಯುತ್ತಿದ್ದರು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಮಗಳ ಶಾಲೆಯ ಶುಲ್ಕವನ್ನು ಆಗತಾನೇ ಕಟ್ಟಿ ಬರಿಗೈಯಾಗಿದ್ದ ನಾನು ಎರಡನೆಯ ಬಸವೇಶ್ವರನನ್ನು ಮಾರುವುದೆಂದು ನಿಶ್ಚಯಿಸಿದೆ. ಧಾರವಾಡದ ಕಡೆಯ ನಿವೃತ್ತ ಮಾಸ್ತರರೊಬ್ಬರು ಬಹುದಿನದಿಂದ ಕೇಳುತ್ತಿದ್ದರು. ಛಾಯಾಚಿತ್ರ ಕಳುಹಿಸಿದೆ, ಬೆಲೆ ಗೊತ್ತಾಯಿತು, ಅರ್ಧ ಹಣವನ್ನು ಅವರು ಅಂದೇ ಕಳುಹಿಸಿದರು. ನಾಡಿದ್ದು ಅಂಚೆಗೆ ಹಾಕಿದರಾಯಿತೆಂದು ನಾಣ್ಯವನ್ನು ಅದರ ಪಾರದರ್ಶಕ ಕರಡಿಗೆಯ ಸಮೇತ ಮೇಜಿನ ಮೇಲಿಟ್ಟು, ಹಬ್ಬದ ಸಾಮಾನಿಗೆ ಪೇಟೆಗೆ ಹೋದೆ.

ಹಿಂದಿರುಗಿ ಬಂದಾಗ ಅಮ್ಮ ದೇವರ ಮನೆಯ ಹೊಸ್ತಿಲಲ್ಲಿ ಕುಳಿತಿದ್ದರು. ಲಕ್ಷ್ಮೀಪೂಜೆಯ ಸಿದ್ಧತೆ ನಡೆದಿತ್ತು. ಎದುರಿಗೆ ಹುಣಸೆಹಣ್ಣಿನ ಬಟ್ಟಲು, ವಿಭೂತಿಯ ಗಟ್ಟಿ, ಹಳೆಯ ಪಂಚೆಯ ತುಂಡು. ಕೈಯಲ್ಲಿ ಬಸವೇಶ್ವರ.

"ಏನೋ ಮಗು, ಬೆಳ್ಳಿ ಕಾಸು ಇಷ್ಟು ಕಪ್ಪಗಾಗಿದ್ದರೂ ನೋಡದೆ ಇಟ್ಟಿದ್ದೀಯಲ್ಲ! ತಿಕ್ಕಿ ತಿಕ್ಕಿ ನನ್ನ ರಟ್ಟೆ ಬಿದ್ದುಹೋಯಿತು. ನೋಡು, ಈಗ ಹೇಗಿದೆ!"

ನಾನು ನೋಡಿದೆ. ಕನ್ನಡಿ ಹೋಗಿತ್ತು, ಮಂಜೂ ಹೋಗಿತ್ತು. ಮದುವೆಮನೆಯ ಪಂಚಪಾತ್ರೆಯಂಥ ಹೊಳಪೊಂದು ಉಳಿದಿತ್ತು. ಬಾಯಿಗೆ ಬಂದ ಮಾತನ್ನು ಇಲ್ಲಿ ಬರೆಯಲಾರೆ, ಆಡಿದ್ದು ನಿಜ. "ಯಾರು ಹೇಳಿದರು ನಿನಗೆ ವಿಭೂತಿ ಹಚ್ಚೆಂದು?" ಎಂದು ಕೊನೆಗೆ ಕಿರುಚಿದೆ.

ಅಮ್ಮ ಬೆರಗಾಗಿ ನನ್ನ ದನಿ ಬಂದ ದಿಕ್ಕಿಗೆ ಮುಖವೆತ್ತಿದರು. "ಬಸವಣ್ಣನವರು ಅಂತ ನೀನೇ ಹೇಳಿದ್ದೆಯಲ್ಲಪ್ಪ. ಅವರಿಗೆ ವಿಭೂತಿಯಲ್ಲದೆ ಇನ್ನೇನು ಹಚ್ಚಲಿ?"

ಮಡದಿ ಅಡಿಗೆಯ ಮನೆಯಿಂದ ಬಂದು ನನ್ನನ್ನು ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ. ಆ ಸಂಜೆ ಲಕ್ಷ್ಮಿಯ ಮುಂದೆ ಬಸವೇಶ್ವರನೂ ಕುಳಿತು ಆರತಿ ಸ್ವೀಕರಿಸಿದನು. ನನಗೆ ಹೋಳಿಗೆ ರುಚಿಸಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ನಾಣ್ಯವನ್ನು ದೀಪದ ಕೆಳಗಿಟ್ಟುಕೊಂಡು ಕುಳಿತೆ. ಮನುಷ್ಯನ ಮನಸ್ಸು ಎಷ್ಟು ಚುರುಕಾಗಿ ಕೆಳಗಿಳಿಯುತ್ತದೆಂಬುದನ್ನು ಅಂದು ಕಂಡೆ. ಛಾಯಾಚಿತ್ರ ಹೋಗಿರುವುದು ತೊಳೆಯುವುದಕ್ಕೆ ಮುಂಚಿನದು. ಮಾಸ್ತರರಿಗೆ ಎಪ್ಪತ್ತು ದಾಟಿದೆ. ಭೂತಗನ್ನಡಿ ಹಿಡಿದು ನೋಡುತ್ತಾರೆಯೆ? ನೋಡಿದರೂ ದಾರಿಯಲ್ಲಿ ಹೀಗಾಯಿತೇನೋ ಎಂದುಕೊಂಡಾರು. ಇನ್ನೊಂದು ನಾಣ್ಯ ಪೆಟ್ಟಿಗೆಯಲ್ಲಿದೆ ನಿಜ. ಆದರೆ ಅದು ನನ್ನದು, ಇಟ್ಟುಕೊಳ್ಳುವುದಕ್ಕೆಂದೇ ತಂದದ್ದು. ನಾಣ್ಯವನ್ನು ಕರಡಿಗೆಗೆ ಸೇರಿಸಿ, ಹತ್ತಿಯಲ್ಲಿ ಸುತ್ತಿ, ಮೇಲೆ ಕಾಗದ ಅಂಟಿಸಿ, ವಿಳಾಸವನ್ನೂ ಬರೆದೆ. ಬರೆದಾದ ಮೇಲೆ, ಹಬ್ಬದ ರಜೆ ಮುಗಿದೊಡನೆ ಬಿ.ಎ. ತರಗತಿಯಲ್ಲಿ ಹೇಳಬೇಕಾಗಿದ್ದ ಪಾಠವನ್ನು ನೋಡಿಕೊಳ್ಳೋಣವೆಂದು ಪುಸ್ತಕ ತೆರೆದೆ. ಅದು ವಚನಗಳ ಪಾಠ. ವರ್ಷ ವರ್ಷವೂ ಹೇಳುವ ಪಾಠವೇ, ಬಾಯಿಪಾಠವಾಗಿರುವ ಪಾಠ. ಕಾಯಕದ ವಿಚಾರವಾಗಿ ನಾನು ಬರೆದಿಟ್ಟುಕೊಂಡಿದ್ದ ಟಿಪ್ಪಣಿಯ ಮೇಲೆ ಆ ಪೊಟ್ಟಣ ಕುಳಿತಿತ್ತು. ಅದನ್ನು ಎತ್ತದೆ ಪುಟ ಓದುವ ಹಾಗಿರಲಿಲ್ಲ. ಬಹಳ ಹೊತ್ತು ಹಾಗೆಯೇ ಕುಳಿತಿದ್ದು, ಕೊನೆಗೆ ಪೊಟ್ಟಣವನ್ನು ಒಡೆದೆ.

ಬೆಳಗ್ಗೆ ಮಾಸ್ತರರಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ತಿಳಿಸಿದೆ. ನನ್ನದಾದ ಇನ್ನೊಂದನ್ನು ಕಳುಹಿಸುತ್ತೇನೆಂದೂ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ದೊಡ್ಡದೊಂದು ನಗೆ ಕೇಳಿಸಿತು.

"ಸರ, ನಮ್ಮ ಮನ್ಯಾಗ ಏನಾಗೇತಿ ಕೇಳ್ರಿ. ನಮ್ಮ ತಂದಿಯವರು ಜ್ವಾಕಿ ಮಾಡಿ ಇಟ್ಟಿದ್ದ ಗಾಂಧೀ ಬೆಳ್ಳಿ ಹತ್ತು ರೂಪಾಯಿಗೆ ನಮ್ಮಾಕಿ ಕೊಂಡಿ ಬೆಸಿಸಿ ಮೊಮ್ಮಗನ ಕೊರಳಿಗೆ ಕಟ್ಯಾಳ. ನಾ ಒಂದು ವಾರ ಮಾತು ಬಿಟ್ಟಿದ್ದೆ. ಈಗ ಅಂವ ಅದನ್ನ ಬಾಯಾಗ ಇಟ್ಕೊಂಡು ನಿದ್ದಿ ಮಾಡ್ತಾನ. ನಿಮ್ಮ ತಾಯಿಯವರಿಗೆ ಮಾತ್ರ ಏನೂ ಅನಬ್ಯಾಡ್ರಿ."

ಅಂದದ್ದಾಗಿತ್ತು ಎಂದು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಮೊದಲನೆಯ ನಾಣ್ಯ ಧಾರವಾಡಕ್ಕೆ ಹೋಯಿತು. ಉಳಿದರ್ಧ ಹಣ ಬಂದಿತು. ಅಮ್ಮನ ಎರಡು ಕಣ್ಣುಗಳಿಗೂ, ಒಂದಾದಮೇಲೊಂದರಂತೆ, ಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ದಿನ ಅವರು ಮೊದಲು ನೋಡಿದ್ದು ಮೊಮ್ಮಗಳನ್ನು, ಆಮೇಲೆ ನನ್ನನ್ನು. "ಇದೇನೋ, ಇಷ್ಟು ತಲೆ ನರೆತುಹೋಗಿದೆ!" ಎಂದು ಮರುಗಿದರು. ಮೂವತ್ತೇಳಕ್ಕೆ ನರೆತ ತಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವಂತಿರಲಿಲ್ಲ.

ಮೊನ್ನೆ ಯುಗಾದಿಯ ಹಿಂದಿನ ದಿನ ಅಮ್ಮ ದೇವರ ಪೆಟ್ಟಿಗೆಯ ಸಾಮಾನುಗಳನ್ನು ತೆಗೆದು ತೊಳೆಯುತ್ತಿದ್ದರು. ನಾನು ಪಕ್ಕದಲ್ಲೇ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಬಸವೇಶ್ವರನ ಸರದಿ ಬಂದಿತು. ಅವರು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಸಲ ಈ ಕಡೆಗೆ, ಒಂದು ಸಲ ಆ ಕಡೆಗೆ ವಾಲಿಸಿ ನೋಡಿದರು.

"ಏನೋ ಮಗು, ಇದರ ತುಂಬ ಕೂದಲಿನ ಹಾಗೆ ಗೀರು ಬಿದ್ದಿದೆಯಲ್ಲೋ! ಬೆಲೆಬಾಳುವ ಪದಾರ್ಥ ಅಂತ ಹೇಳುತ್ತಿದ್ದೆ. ಯಾರು ಹೀಗೆ ಮಾಡಿದರು?"

ನಾನು ತಲೆಯೆತ್ತಲಿಲ್ಲ. "ಟಂಕಸಾಲೆಯಲ್ಲಿಯೇ ಹಾಗೆ ಮಾಡುತ್ತಾರಮ್ಮ" ಎಂದು ಹೇಳಿ, ವಿದ್ಯಾರ್ಥಿಯೊಬ್ಬನ ತಪ್ಪು ಉತ್ತರಕ್ಕೆ ಎರಡು ಅಂಕ ಹೆಚ್ಚಾಗಿಯೇ ಕೊಟ್ಟೆ.