ರಿಮೋಟ್ ಯಾರ ಕೈಲಿತ್ತು?

2019ರ ಲೋಕಸಭಾ ಚುನಾವಣೆ ಟೈಮಲ್ಲಿ ಶನಿವಾರ ಬಂತಂದ್ರೆ ನಾನು ಬೆಂಗಳೂರಿಂದ ಮಂಡ್ಯದ ಬಸ್ಸು ಹತ್ತುತ್ತಿದ್ದೆ. ಮನೆಯಲ್ಲಿ ಟಿವಿ ಒಂದೇ, ಪಕ್ಷ ಎರಡು. ರಿಮೋಟ್ ದೊಡ್ಡಪ್ಪನ ಕೈಲಿದ್ದರೆ ನಿಖಿಲ್ ಕುಮಾರಸ್ವಾಮಿ ಕಡೆ ವಾಲಿದ ಚಾನೆಲ್. ತಮ್ಮನ ಕೈಗೆ ಬಂದರೆ, ಪಕ್ಷೇತರರಾಗಿ ನಿಂತಿದ್ದ ಸುಮಲತಾ ಅಂಬರೀಶ್ ಕಡೆಯದ್ದು.

ಅಂಬರೀಶ್ ತೀರಿಕೊಂಡಿದ್ದು 2018ರ ನವೆಂಬರ್ 24ರಂದು. ಗಂಡ ಹೋಗಿ ಇನ್ನೂ ಎಷ್ಟು ದಿನ ಆಯ್ತು, ಆಗಲೇ ರಾಜಕೀಯ ಬೇಕಾ ಅನ್ನೋ ಅರ್ಥದಲ್ಲಿ ಆಗ ಸಚಿವರಾಗಿದ್ದ ಎಚ್.ಡಿ. ರೇವಣ್ಣ ಮಾರ್ಚ್‌ನಲ್ಲಿ ಮಾತಾಡಿದರು. ಟಿವಿಯಲ್ಲಿ ಅದೇ ಚರ್ಚೆ. ದೊಡ್ಡಪ್ಪ, "ಹೇಳಿದ್ರಲ್ಲಿ ತಪ್ಪೇನದೆ?" ಅಂದರು. ಅಮ್ಮ ಸೌಂಡ್ ಕಮ್ಮಿ ಮಾಡಿ, "ಭಾವ, ಕಾಫಿ ತರ್ಲಾ?" ಅಂತ ಎದ್ದುಹೋದಳು.

ಅಪ್ಪ ಹೋದಾಗ ತಿಥಿ ಮುಗಿದ ಮರುದಿನವೇ ಅಮ್ಮ ಅಂಗನವಾಡಿ ಕೆಲಸಕ್ಕೆ ಹೊರಟಿದ್ದಳು. ಊರು ಆಗಲೂ ಇದನ್ನೇ ಕೇಳಿತ್ತು. ನಮ್ಮಿಬ್ಬರ ಸ್ಕೂಲ್ ಫೀಸು ಯಾರು ಕಟ್ತಾರೆ ಅಂತ ಮಾತ್ರ ಯಾರೂ ಕೇಳಿರಲಿಲ್ಲ.

ಹಾಗಾಗಿ ನನಗೆ ತಮ್ಮನ ಚಾನೆಲ್ಲೇ ಹಿತವಾಯಿತು. ಅಲ್ಲಿ ಸುಮಲತಾ 'ಮಂಡ್ಯದ ಸೊಸೆ'. ಅವರ ಕಣ್ಣೀರು ಸ್ಲೋ ಮೋಷನ್‌ನಲ್ಲಿ, ಹಿನ್ನೆಲೆಗೆ ಪಿಟೀಲು. ನಾನೂ ಕಣ್ಣೊರೆಸಿಕೊಂಡೆ. ಏಪ್ರಿಲ್ 18ಕ್ಕೆ ಹೋಗಿ ಅವರಿಗೇ ವೋಟ್ ಹಾಕಿ ಬಂದೆ.

ಈಗ ಯೋಚಿಸಿದರೆ ಒಂದು ಚಾನೆಲ್ ಅವರನ್ನು ವಿಧವೆ ಅಂತ ಮನೆಯೊಳಗೆ ಕೂರಿಸಲು ನೋಡಿತು, ಇನ್ನೊಂದು ವಿಧವೆ ಅಂತಲೇ ತಲೆ ಮೇಲೆ ಹೊತ್ತು ಮೆರೆಸಿತು. ನಿಖಿಲ್ ಅವರನ್ನೇನೂ ಬಿಡಲಿಲ್ಲ, 'ನಿಖಿಲ್ ಎಲ್ಲಿದ್ದೀಯಪ್ಪಾ' ಅಂತ ರಾಜ್ಯವೇ ನಕ್ಕಿತು. ಆದರೆ ನೀನು ಮನೆ ಬಿಟ್ಟು ಹೊರಗೆ ಬಂದಿದ್ದು ಸರಿಯಾ ಅಂತ ಅವರನ್ನು ಯಾರೂ ಕೇಳಲಿಲ್ಲ. ಕಾವೇರಿ ನೀರು, ಕಬ್ಬಿನ ಬಾಕಿ, ಕುಂಟುತ್ತಿದ್ದ ಮೈಶುಗರ್ ಕಾರ್ಖಾನೆ ಬಗ್ಗೆ ಈ ಹೆಂಗಸಿನ ಲೆಕ್ಕಾಚಾರ ಏನು ಅಂತ ಕೇಳಿದ್ದನ್ನು ನಾನಂತೂ ಎರಡೂ ಕಡೆ ನೋಡಲಿಲ್ಲ. ನೋಡಬೇಕು ಅಂತ ನನಗೂ ಅನ್ನಿಸಿರಲಿಲ್ಲ.

ಮೇ 23ರಂದು ಸುಮಲತಾ 1.25 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ರಾಜ್ಯದ 28 ಸೀಟುಗಳಲ್ಲಿ ಗೆದ್ದ ಹೆಂಗಸರು ಇಬ್ಬರೇ, ಇವರು ಮತ್ತು ಶೋಭಾ ಕರಂದ್ಲಾಜೆ. ತಮ್ಮ ಪಟಾಕಿ ಹೊಡೆದ. ದೊಡ್ಡಪ್ಪ ಟಿವಿ ಆಫ್ ಮಾಡಿ ತೋಟದ ಕಡೆ ಹೋದರು.

ಅಮ್ಮ ಯಾರಿಗೆ ಹಾಕಿದಳೋ ಇವತ್ತಿಗೂ ಹೇಳಿಲ್ಲ. ಅವತ್ತು ಫೋನಲ್ಲಿ ಕೇಳಿದ್ದು ಒಂದೇ: "ಅಲ್ಲ ಮಗಾ, ಆಯಮ್ಮ ಕಬ್ಬಿನ ದುಡ್ಡಿನ ಬಗ್ಗೆ ಏನಂದವ್ರೆ?"

ನಾನು ವೋಟ್ ಹಾಕಿ ತಿಂಗಳು ದಾಟಿತ್ತು. ನನ್ನ ಹತ್ರ ಉತ್ತರ ಇರಲಿಲ್ಲ.