ಅಲೆ ಬಂತು, ಎಲೆ ಬರಲಿಲ್ಲ

ನಮ್ಮ ಮನೆಗೆ ಭೌತಶಾಸ್ತ್ರ ಕಾಲಿಟ್ಟಿದ್ದು 2015ರಲ್ಲಿ, ನಮ್ಮಣ್ಣನ ಮಗಳ ಟ್ರಂಕಿನ ಜೊತೆಗೆ. ತಿಪಟೂರಿನ ಕಡೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿಯವರೆಗೂ ಮೊದಲನೆಯವಳಾಗಿ ಓದಿದ ಹುಡುಗಿ. ಪಿಯುಸಿಗೆ ವಿಜ್ಞಾನವೇ ಬೇಕೆಂದು ಹಟ ಹಿಡಿದು ದೊಮ್ಮಲೂರಿಗೆ ಬಂದಳು. ನಮ್ಮವರು ಎಚ್‌ಎಎಲ್‌ನಿಂದ ನಿವೃತ್ತರಾಗಿದ್ದರು, ಮಗ ದೂರದೂರಿನ ಕೆಲಸದಲ್ಲಿದ್ದ. ಖಾಲಿ ಮನೆಗೆ ಒಂದು ಮಗು ಬಂತೆಂದು ನನಗೆ ಸಡಗರವೋ ಸಡಗರ.

ಸಡಗರ ದಸರೆಯವರೆಗೆ ಮಾತ್ರ. ಮಧ್ಯಂತರ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ 70ಕ್ಕೆ 14 ಬಂತು. ಹುಡುಗಿ ಊಟ ಬಿಟ್ಟಳು. ಅಣ್ಣ ಫೋನಿನಲ್ಲಿ, "ಸಾಕು ಬಿಡಮ್ಮ. ವರ್ಷದ ಪರೀಕ್ಷೇಲೂ ಹೀಗೇ ಆದ್ರೆ ಊರಿಗೆ ಕರ್ಕೊಂಡ್ ಬಂದ್ಬಿಡ್ತೀನಿ. ಹದಿನೆಂಟು ತುಂಬೋವರೆಗೂ ಮನೇಲಿರ್ಲಿ, ಆಮೇಲೆ ಗಂಡು ನೋಡಿದ್ರಾಯ್ತು" ಎಂದ.

ನಮ್ಮವರು ಪಾಠ ಹೇಳಲು ಕುಳಿತರು. ಜೀವಮಾನವಿಡೀ ವಿಮಾನದ ಕಾರ್ಖಾನೆಯಲ್ಲಿ ದುಡಿದವರಿಗೆ ಸೂತ್ರಗಳೆಲ್ಲ ನಾಲಿಗೆಯ ತುದಿಯಲ್ಲಿ. "ವೇಗ ಅಂದ್ರೆ ಆವೃತ್ತಿ ಇಂಟು ತರಂಗದೂರ. ಇಷ್ಟೂ ಗೊತ್ತಾಗಲ್ವೇನಮ್ಮ?" ಎಂಬಲ್ಲಿಗೆ ಪಾಠ ಮುಗಿದು ಗದರಿಕೆ ಶುರುವಾಗುತ್ತಿತ್ತು. ಹುಡುಗಿ ಬಾಯಿಪಾಠ ಮಾಡುತ್ತಿದ್ದಳು, ಬೆಳಗಾಗುವುದರೊಳಗೆ ಮರೆಯುತ್ತಿದ್ದಳು.

ಒಂದು ರಾತ್ರಿ ನಾನೇ ಪಕ್ಕದಲ್ಲಿ ಕುಳಿತೆ. ಅವಳ ಪುಸ್ತಕದಲ್ಲಿ ಒಂದೊಂದು ಇಂಗ್ಲಿಷ್ ಪದದ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಪದ. "ಅತ್ತೆ, ಅಲೆ ಬರುತ್ತೆ ಅಂದ್ರೆ ನೀರು ತಾನೇ ಬರೋದು? ಇದ್ರಲ್ಲಿ ನೋಡಿದ್ರೆ ನೀರು ಮುಂದಕ್ಕೆ ಹೋಗೋದೇ ಇಲ್ಲ ಅಂತಾರೆ!" ಎಂದಳು. ಕ್ಲಾಸಿನಲ್ಲಿ ಕೇಳಬಾರದೇ ಎಂದೆ. ಒಮ್ಮೆ ಕನ್ನಡದಲ್ಲಿ ಕೇಳಿದ್ದಳಂತೆ, ಎಲ್ಲರೂ ನಕ್ಕರಂತೆ. ಅಂದಿನಿಂದ ಬಾಯಿ ಬಿಟ್ಟಿರಲಿಲ್ಲ.

ನನಗೂ ಉತ್ತರ ಗೊತ್ತಿರಲಿಲ್ಲ. ಆದರೆ ಆ ಹೆದರಿಕೆ ಗೊತ್ತಿತ್ತು. 1976ರಲ್ಲಿ ಪಿಯುಸಿ ಭೌತಶಾಸ್ತ್ರದಲ್ಲಿ ನಾನು ಫೇಲಾಗಿದ್ದೆ, ನೂರಕ್ಕೆ ಇಪ್ಪತ್ತೆರಡು! ಆಮೇಲೆ ವಿಜ್ಞಾನ ಬಿಟ್ಟು ಬಿಎ ಸೇರಿದೆ. ಮದುವೆಯಾದ ಮೇಲೆ ನಮ್ಮವರಿಗೆ "ನನಗೆ ಕಥೆ ಕಾದಂಬರಿ ಇಷ್ಟ, ಅದಕ್ಕೇ ಬಿಎ ಮಾಡಿದೆ" ಎಂದು ಹೇಳಿ ಆ ಸುಳ್ಳಿನ ಮೇಲೆ ಸಂಸಾರ ಹೂಡಿದ್ದೆ. ಅಂದು ಹುಡುಗಿಗೆ ನಿಜ ಹೇಳಿದೆ. ಅವಳು ಕಣ್ಣರಳಿಸಿ ನೋಡಿ, ಎದ್ದು ಹೋಗಿ ಊಟ ಬಡಿಸಿಕೊಂಡಳು.

ಅಲೆ ತೋರಿಸೋಣವೆಂದರೆ ದೊಮ್ಮಲೂರಿಗೂ ಒಂದು ಕೆರೆಯಿತ್ತು; ಅದು ಎಂದೋ ಬಡಾವಣೆಯಾಗಿ ಹೋಗಿದೆ. ಭಾನುವಾರ ಆಟೋ ಹಿಡಿದು ಹಲಸೂರು ಕೆರೆಗೆ ಹೋದೆವು. ದಡದ ಹತ್ತಿರ ಒಂದು ಒಣಗಿದ ಎಲೆ ತೇಲುತ್ತಿತ್ತು. ಅದರಾಚೆಗೆ ಕಲ್ಲೆಸೆದೆವು. ಬಳೆಯಂತೆ ಅಲೆಗಳೆದ್ದು ಎಲೆಯ ಕೆಳಗೆ ಹಾದು ನಮ್ಮ ಕಡೆ ಬಂದವು. ಎಲೆ ಮಾತ್ರ ಎದ್ದು ಇಳಿದು, ಎದ್ದು ಇಳಿದು, ಇದ್ದಲ್ಲೇ ಉಳಿಯಿತು. ಹತ್ತು ಸಲ ಎಸೆದರೂ ಅಷ್ಟೇ. "ಅತ್ತೆ, ಅಲೆ ಬಂತು, ಎಲೆ ಬರಲಿಲ್ಲ!" ಎಂದು ಹುಡುಗಿ ಕೂಗಿದ್ದಕ್ಕೆ ವಾಕಿಂಗ್ ಬಂದವರೆಲ್ಲ ತಿರುಗಿ ನೋಡಿದರು. ಬರುವುದು ಅಲುಗಾಟ, ಅದರ ಶಕ್ತಿ, ನೀರಲ್ಲ.

ನನಗೆ ತಟ್ಟನೆ ಹಳೆಯದೊಂದು ನೆನಪಾಯಿತು. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋಗುವವರೆಗೂ ನಮ್ಮ ತಲೆಯ ಮೇಲೆಯೇ ಎಚ್‌ಎಎಲ್ ನಿಲ್ದಾಣದ ವಿಮಾನಗಳ ಆರ್ಭಟ. ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಜಣಜಣ ಎನ್ನುತ್ತಿದ್ದವು. ವಿಮಾನದ ಹತ್ತಿರದ ಗಾಳಿಯೇನೂ ನನ್ನ ಅಡುಗೆಮನೆಗೆ ಬಂದಿರಲಿಲ್ಲ. ಬಂದದ್ದು ಅಲೆ.

ಆಮೇಲೆ ಮನೆಯೇ ಪ್ರಯೋಗಶಾಲೆ. ಬಟ್ಟೆ ಒಣಹಾಕುವ ನೈಲಾನ್ ಹಗ್ಗದ ಒಂದು ತುದಿ ಬಿಚ್ಚಿ ಕೈಯಲ್ಲಿ ಹಿಡಿದು ಒದರಿದರೆ ಅಲೆ ಓಡಿಹೋಗಿ ಗೋಡೆಗೆ ತಾಗಿ ವಾಪಸ್ಸು ಬರುತ್ತಿತ್ತು. ಹಗ್ಗಕ್ಕೆ ಸಿಕ್ಕಿಸಿದ ಕ್ಲಿಪ್ಪು ಇದ್ದಲ್ಲೇ ಕುಣಿಯುತ್ತಿತ್ತು. ಬೇಗ ಬೇಗ ಒದರಿದಷ್ಟೂ ಅಲೆಗಳು ಗಿಡ್ಡವಾಗುತ್ತಿದ್ದವು. ಆವೃತ್ತಿ ಹೆಚ್ಚಿದರೆ ತರಂಗದೂರ ಕಡಿಮೆ. ನಮ್ಮವರ ಸೂತ್ರ ಹಗ್ಗದ ಮೇಲೆಯೇ ಕಂಡಿತು.

ಗುರುತ್ವ ಇನ್ನೂ ಕಷ್ಟ. ಗಗನಯಾತ್ರಿಗಳು ತೇಲುವುದು ಅಲ್ಲಿ ಗುರುತ್ವ ಇಲ್ಲದ್ದರಿಂದ ಎಂದೇ ನಾವಿಬ್ಬರೂ ತಿಳಿದಿದ್ದೆವು. ಪುಸ್ತಕದ ಪ್ರಕಾರ ಲೆಕ್ಕ ಹಾಕಿದರೆ 400 ಕಿಲೋಮೀಟರ್ ಎತ್ತರದಲ್ಲೂ ಭೂಮಿಯ ಸೆಳೆತ ಇಲ್ಲಿಯ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿದೆ! ಮತ್ತೆ ತೇಲುವುದು ಹೇಗೆ? ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ತೂತು ಮಾಡಿ ನೀರು ತುಂಬಿದೆವು. ಕೈಯಲ್ಲಿ ಹಿಡಿದಾಗ ತೂತಿನಿಂದ ನೀರು ಚಿಮ್ಮುತ್ತಿತ್ತು. ಹುಡುಗಿ ತಾರಸಿಯಿಂದ ಬಾಟಲಿ ಬಿಟ್ಟಳು, ನಾನು ಅಂಗಳದಲ್ಲಿ ನಿಂತು ನೋಡಿದೆ. ಬೀಳುವಷ್ಟು ಹೊತ್ತೂ ತೂತಿನಿಂದ ನೀರು ಬರಲಿಲ್ಲ. ಬಾಟಲಿ, ನೀರು ಎರಡೂ ಒಂದೇ ಸಮನೆ ಬೀಳುವಾಗ ಯಾವುದೂ ಯಾವುದನ್ನೂ ಒತ್ತುವುದಿಲ್ಲ. ಗಗನಯಾತ್ರಿಗಳದ್ದೂ ಅದೇ ಕಥೆ. ನೌಕೆಯೊಂದಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುತ್ತಾರೆ, ಅಡ್ಡ ವೇಗವಿರುವುದರಿಂದ ನೆಲ ಮುಟ್ಟುವುದಿಲ್ಲ. ಈ ಜ್ಞಾನೋದಯದ ನೀರು ಕೆಳಮನೆಯವರ ಹಪ್ಪಳದ ಮೇಲೂ ಸಿಡಿಯಿತು. ಅವರಿಗೆ ನಾನು ಒಂದು ಡಬ್ಬಿ ಹಪ್ಪಳ ಮಾಡಿಕೊಟ್ಟೆ.

2016ರ ಫೆಬ್ರವರಿ, ವಾರ್ಷಿಕ ಪರೀಕ್ಷೆಯ ಸಮಯ. 12ನೇ ತಾರೀಖಿನ ಪತ್ರಿಕೆಯಲ್ಲಿ ಗುರುತ್ವ ಅಲೆಗಳು ಸಿಕ್ಕವೆಂಬ ಸುದ್ದಿ. ಪುಸ್ತಕದಲ್ಲಿ ಬೇರೆ ಬೇರೆ ಪಾಠಗಳಾಗಿದ್ದ ಅಲೆ, ಗುರುತ್ವ ಎರಡೂ ಒಂದೇ ಪದವಾಗಿ ಕುಳಿತಿದ್ದವು! ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಒಂದಾದಾಗ ಎದ್ದ ಅಲೆ 2015ರ ಸೆಪ್ಟೆಂಬರ್ 14ರಂದು ಭೂಮಿಗೆ ತಾಗಿತಂತೆ. ಅಮೆರಿಕದಲ್ಲಿಟ್ಟ ಉಪಕರಣದ 4 ಕಿಲೋಮೀಟರ್ ಉದ್ದದ ತೋಳು ಅದರಿಂದ ಅಲುಗಿದ್ದು ಒಂದು ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಇಂಥ ಅಲೆ ಇದೆಯೆಂದು ಐನ್‌ಸ್ಟೈನ್ 1916ರಲ್ಲೇ ಹೇಳಿದ್ದರು.

ನಾನು ಅವಳಿಗೆ ನಮ್ಮೂರಿನ ಸಿ.ವಿ. ವಿಶ್ವೇಶ್ವರ ಅವರ ವಿಷಯವನ್ನೂ ಹೇಳಿದೆ. ಬೆಂಗಳೂರಿನಲ್ಲಿ ಹುಟ್ಟಿದವರು, ಕನ್ನಡ ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ, ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ನಿರ್ದೇಶಕರು. ಕಪ್ಪುಕುಳಿಯನ್ನು ಕದಡಿದರೆ ಬಡಿದ ಗಂಟೆಯ ನಾದದಂತೆ ಅದರಿಂದ ಅಲೆ ಹೊರಟು ಬೇಗನೆ ಅಡಗುತ್ತದೆಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅವರ ಬಾಳಿನಲ್ಲೇ ಆ ಅಲೆ ಬಂದು ತಾಗಿತು. 2017ರ ಜನವರಿಯಲ್ಲಿ ಅವರು ತೀರಿಕೊಂಡರು.

ಹುಡುಗಿ ಪತ್ರಿಕೆ ಮಡಿಸಿಟ್ಟು ಕೇಳಿದಳು: "ಅಷ್ಟು ದೂರದಿಂದ ಅಲೆ ಬಂತು. ಆದ್ರೆ ಕಪ್ಪುಕುಳಿ ಅಲ್ಲೇ ಇದೆ. ನಮ್ಮ ಎಲೆ ಥರಾನೇ, ಅಲ್ವಾ ಅತ್ತೆ?" ಪರೀಕ್ಷೆಯ ಫಲಿತಾಂಶ ನನಗೆ ಆಗಲೇ ತಿಳಿದಂತಾಯಿತು.

70ಕ್ಕೆ 41 ಬಂತು. ಅಣ್ಣ ಮತ್ತೆ ಗಂಡಿನ ಮಾತೆತ್ತಲಿಲ್ಲ. ಈಗ ಅವಳು ಊರ ಕಡೆಯ ಶಾಲೆಯೊಂದರಲ್ಲಿ ಟೀಚರು. ಮೊನ್ನೆ ಫೋನು ಮಾಡಿ, "ಇವತ್ತು ಮಕ್ಕಳನ್ನ ಕೆರೆಗೆ ಕರ್ಕೊಂಡ್ ಹೋಗಿದ್ದೆ ಅತ್ತೆ" ಎಂದಳು.

ಫಲಿತಾಂಶ ಬಂದ ಸಂಜೆ ಪಾಯಸ ಬಡಿಸುತ್ತಾ ನಮ್ಮವರಿಗೂ 1976ರ ಕಥೆ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಎಷ್ಟು ಬಂದಿತ್ತು?"

"ಇಪ್ಪತ್ತೆರಡು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಮೊದಲ ಸಲ ಕೆಮಿಸ್ಟ್ರಿ ಹೋಗಿತ್ತು ಕಣೇ. ಹತ್ತೊಂಬತ್ತು" ಎಂದು ಪಾಯಸದ ಬಟ್ಟಲು ಮುಂದಕ್ಕೆ ಸರಿಸಿದರು.